ಮೂಗಿನ ಸರ್ಜರಿ ಮಾಡಿಸುವ ಯೋಚನೆ ಇದೆಯಾ? ಮೂವತ್ತು ವರ್ಷ ಮುಂದಿನ ಮೂಗನ್ನೂ ಲೆಕ್ಕಕ್ಕೆ ತಗೊಳ್ಳಿ

ವಯಸ್ಸಾದ ಹಾಗೆ ಮೂಗು ದೊಡ್ಡದಾಗುತ್ತಾ? ಈಗ ಸರ್ಜರಿ ಮಾಡಿಸಿದರೆ ಅರವತ್ತನೇ ವಯಸ್ಸಿಗೆ ಅದು ಹೇಗಿರುತ್ತದೆ? ಈ ಎರಡು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇವೆ. ಕೇಳುವವರಲ್ಲಿ ಮದುವೆಗೆ ಮುಂಚೆ ಮೂಗಿನ ಉಬ್ಬು ತೆಗೆಸಬೇಕು ಅನ್ನುವ ಇಪ್ಪತ್ತೈದರ ಹುಡುಗ ಹುಡುಗಿಯರಿದ್ದಾರೆ. ಮೂಗಿನ ತುದಿ ಇಳಿದುಬಿಟ್ಟಿದೆ, ರಾತ್ರಿ ಉಸಿರು ಕಟ್ಟಿದ ಹಾಗಾಗುತ್ತದೆ ಅನ್ನುವ ಅರವತ್ತು ದಾಟಿದವರೂ ಇದ್ದಾರೆ. ಇಬ್ಬರೂ ಗಮನ ಕೊಡಬೇಕಾದದ್ದು ಒಂದೇ ವಿಷಯಕ್ಕೆ, ಮೂಗಿನ ಒಳಗಿನ ಆಧಾರ ಎಷ್ಟು ಗಟ್ಟಿಯಾಗಿದೆ ಅನ್ನುವುದಕ್ಕೆ. ಸರ್ಜರಿ ಆದ ಮೂಗಿಗೂ ವಯಸ್ಸಾಗುತ್ತದೆ. ಆಧಾರ ಕಳೆದುಕೊಂಡ ಮೂಗಿಗೆ ಬೇಗ ವಯಸ್ಸಾಗುತ್ತದೆ.

ಇದನ್ನು ಓದಿ ನೀವೇ ವೈದ್ಯ ಮಾಡಿಕೊಳ್ಳಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಆಮೇಲೆ ಎಷ್ಟು ಕಾಯಬೇಕು ಅನ್ನುವುದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ವಯಸ್ಸು ಮೂಗಿಗೆ ಏನು ಮಾಡುತ್ತದೆ

ಮೂಗಿನ ದಿಂಡಿನ ಮೇಲೆ ಬೆರಳಿಟ್ಟು ಕೆಳಗೆ ಜಾರಿಸುತ್ತಾ ಬನ್ನಿ. ಸುಮಾರು ಮೂರನೇ ಒಂದು ಭಾಗ ದಾಟುವ ಹೊತ್ತಿಗೆ ಗಟ್ಟಿ ಮೂಳೆ ಮುಗಿದು ಬಗ್ಗುವ ಭಾಗ ಸಿಗುತ್ತದೆ. ಅಲ್ಲಿಂದ ತುದಿಯವರೆಗೆ ಇರುವುದು ಕಾರ್ಟಿಲೇಜ್, ಅಂದರೆ ಕಿವಿಯಲ್ಲಿ ಇರುವಂಥ ಮೆದು ಎಲುಬು. ಎರಡು ಹೊಳ್ಳೆಗಳನ್ನು ಬೇರೆ ಮಾಡುವ ನಡುಗೋಡೆಗೆ ಸೆಪ್ಟಮ್ ಅನ್ನುತ್ತಾರೆ. ಈ ತುಂಡುಗಳನ್ನೆಲ್ಲ ಒಂದಕ್ಕೊಂದು ಹಿಡಿದಿಟ್ಟಿರುವುದು ತೆಳ್ಳನೆಯ ನಾರುಗಳು.

ವಯಸ್ಸಾದಂತೆ ಈ ನಾರುಗಳು ಸಡಿಲ ಆಗುತ್ತವೆ, ಕಾರ್ಟಿಲೇಜ್ ಬಲ ಕಳೆದುಕೊಳ್ಳುತ್ತದೆ, ತುದಿ ಕೆಳಗಿಳಿಯುತ್ತದೆ. ಮೂಗಿನ ಬುಡದಲ್ಲಿರುವ ಮೇಲ್ದವಡೆಯ ಮೂಳೆಯೂ ನಿಧಾನಕ್ಕೆ ಸವೆದು ಹಿಂದಕ್ಕೆ ಸರಿಯುತ್ತದೆ. ಮೇಲಿನ ಹಲ್ಲು ಉದುರಿದವರಲ್ಲಿ ಇದು ಇನ್ನೂ ಜಾಸ್ತಿ. ಬುಡದ ಆಸರೆ ಹೋದಾಗ ತುದಿ ಮತ್ತಷ್ಟು ಜಗ್ಗುತ್ತದೆ, ಮೂಗು ಮತ್ತು ಮೇಲ್ತುಟಿಯ ನಡುವಿನ ಕೋನ ಕಿರಿದಾಗುತ್ತದೆ. ಹಾಗಾಗಿ ಮೂಗು "ಬೆಳೆದ" ಹಾಗೆ ಕಾಣುತ್ತದೆ. ಚಿಕ್ಕ ವಯಸ್ಸಿನಲ್ಲಿ ಬೆಳೆಯುವ ಹಾಗೆ ಅದೇನೂ ಬೆಳೆಯುತ್ತಿರುವುದಿಲ್ಲ. ಬಹುಪಾಲು ಇಳಿಯುತ್ತಿರುತ್ತದೆ, ಹರಡುತ್ತಿರುತ್ತದೆ. ಕೆನ್ನೆಯ ಕೊಬ್ಬು ಕರಗಿ ಮುಖ ಬತ್ತಿದಾಗ ಅದೇ ಮೂಗು ಇನ್ನೂ ದೊಡ್ಡದಾಗಿ ಎದ್ದು ಕಾಣುತ್ತದೆ.

ಚರ್ಮದ್ದು ಬೇರೆ ಕಥೆ. ಕೆಲವರಿಗೆ ದಿಂಡಿನ ಮೇಲಿನ ಚರ್ಮ ತೆಳ್ಳಗಾಗುತ್ತದೆ, ಕೆಲವರಿಗೆ ತುದಿಯ ಎಣ್ಣೆ ಗ್ರಂಥಿಗಳು ಊದಿ ಚರ್ಮ ದಪ್ಪ ಆಗುತ್ತದೆ. ಇನ್ನೊಂದು ವಿಷಯ. ಎಳೆ ಮಗುವಿಗೆ ಎಣ್ಣೆ ಹಚ್ಚಿ ಮೂಗನ್ನು ಎಳೆದೆಳೆದು ನೀವಿದರೆ ಸಂಪಿಗೆ ಮೂಗು ಬರುತ್ತದೆ ಅನ್ನುವ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹಾಗೇನೂ ಆಗುವುದಿಲ್ಲ, ದಯವಿಟ್ಟು ಬಿಟ್ಟುಬಿಡಿ. ದೊಡ್ಡವರ ಮೂಗಿಗೆ ಸಿಗುವ ಕ್ಲಿಪ್, ವ್ಯಾಯಾಮ, ಮಸಾಜ್ ಕೂಡ ಅಷ್ಟೇ.

ಹಂತ 1: ನಿಮ್ಮ ಮೂಗನ್ನು ಸರಿಯಾಗಿ ನೋಡಿಕೊಳ್ಳಿ

ಸೆಲ್ಫಿ ನೋಡಿ ತೀರ್ಮಾನ ಮಾಡಬೇಡಿ. ಒಂದಡಿ ದೂರದಿಂದ ತೆಗೆದ ಫೋಟೊದಲ್ಲಿ ಮೂಗಿನ ಅಗಲ, ಐದಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30 ಪರ್ಸೆಂಟ್ ಜಾಸ್ತಿ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಬೇರೆಯವರ ಕೈಗೆ ಫೋನ್ ಕೊಡಿ, ಐದಾರು ಅಡಿ ದೂರ ನಿಲ್ಲಿಸಿ ಸ್ವಲ್ಪ ಝೂಮ್ ಮಾಡಿಸಿ ತೆಗೆಸಿ. ಎದುರಿಂದ, ಎರಡೂ ಪಕ್ಕದಿಂದ, ಕೆಳಗಿಂದ, ಒಂದು ನಗುತ್ತಾ. ನಕ್ಕಾಗ ತುದಿ ಕೆಳಗೆ ಜಗ್ಗಿದರೆ ಅದು ಸ್ನಾಯುವಿನ ಎಳೆತ, ಅದನ್ನೂ ಡಾಕ್ಟರಿಗೆ ಹೇಳಬೇಕು.

ಆಮೇಲೆ ಅಪ್ಪ, ಅಮ್ಮ, ಸೋದರಮಾವ, ಅಜ್ಜಿಯ ಹಳೆ ಫೋಟೊ ಮತ್ತು ಈಗಿನ ಫೋಟೊ ಪಕ್ಕ ಪಕ್ಕ ಇಡಿ. ನಿಮ್ಮ ಮೂಗು ಯಾರದ್ದಕ್ಕೆ ಹೋಲುತ್ತದೋ ಅವರ ಮೂಗು ಹೇಗೆ ಇಳಿದಿದೆ ಅಂತ ನೋಡಿ. ಮುಂದೆ ಏನಾಗಬಹುದು ಅಂತ ಊಹಿಸಲು ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ದಾರಿ ಇಲ್ಲ.

ಉಸಿರಾಟವನ್ನೂ ಪರೀಕ್ಷಿಸಿ. ಒಂದು ಕೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲಿ, ಎರಡು ಬೆರಳಿಟ್ಟು ಮೆಲ್ಲಗೆ ಕಿವಿಯ ಕಡೆ ಎಳೆದು ಉಸಿರು ತಗೊಳ್ಳಿ. ಹಾಗೆ ಎಳೆದಾಗ ಉಸಿರು ಸಲೀಸಾದರೆ ಮೂಗಿನ ವಾಲ್ವ್ ಕಿರಿದಾಗಿರಬಹುದು. ವಾಲ್ವ್ ಅಂದರೆ ಹೊಳ್ಳೆಯ ಒಳಗೆ ಗಾಳಿ ಹೋಗುವ ದಾರಿಯಲ್ಲಿ ತುಂಬ ಇಕ್ಕಟ್ಟಾದ ಜಾಗ. ಹಾಗೆಯೇ ಇಳಿದ ತುದಿಯನ್ನು ಬೆರಳಿಂದ ಸ್ವಲ್ಪ ಮೇಲೆತ್ತಿ ನೋಡಿ. ಎತ್ತಿದಾಗ ಉಸಿರು ಸಲೀಸಾದರೆ ಕಷ್ಟಕ್ಕೆ ಕಾರಣ ಆ ತುದಿಯೇ ಇರಬಹುದು. ವಯಸ್ಸಾದವರಿಗೆ ಇದು ಮುಖ್ಯ. "ವಯಸ್ಸಾಯ್ತು, ಉಸಿರು ಕಟ್ಟುತ್ತೆ" ಅಂತ ಸುಮ್ನೆ ಸಹಿಸಿಕೊಂಡು ಇರುವವರು ಬಹಳ ಜನ. ಅದನ್ನು ಸರಿ ಮಾಡಲು ದಾರಿ ಇದೆ.

ಹಂತ 2: ಯಾಕೆ ಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ

ಆಕಾರಕ್ಕಾ, ಉಸಿರಿಗಾ, ಎರಡಕ್ಕೂನಾ? ಉತ್ತರದ ಮೇಲೆ ಸರ್ಜರಿಯ ಹೆಸರೂ ಖರ್ಚೂ ಬದಲಾಗುತ್ತವೆ. ಆಕಾರ ಬದಲಿಸುವುದು ರೈನೋಪ್ಲಾಸ್ಟಿ. ಸೊಟ್ಟಗಾದ ನಡುಗೋಡೆಯನ್ನು ಮಾತ್ರ ನೆಟ್ಟಗೆ ಮಾಡುವುದು ಸೆಪ್ಟೋಪ್ಲಾಸ್ಟಿ. ಬರೀ ಅಂದಕ್ಕೆ ಮಾಡಿಸುವ ಸರ್ಜರಿಗೆ ಆರೋಗ್ಯ ವಿಮೆ ಸಿಗುವುದಿಲ್ಲ, ಮೇಲೆ ಜಿಎಸ್‌ಟಿ ಕೂಡ ಬೀಳುತ್ತದೆ. ಅಪಘಾತ, ಗಾಯ ಅಥವಾ ಹುಟ್ಟಿನಿಂದ ಬಂದ ಊನ ಸರಿಪಡಿಸುವುದಕ್ಕೆ ಈ ತೆರಿಗೆ ಇಲ್ಲ. ಉಸಿರಾಟದ ತೊಂದರೆ ಇದ್ದರೆ ವಿಮೆ ಕಂಪನಿಗೆ ಮುಂಚೆಯೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.

ಮೂಗು ಕಟ್ಟಿಕೊಡುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಅನ್ನುವವನು ಟಿಪ್ಪುವಿನ ಕಡೆಯವರಿಗೆ ಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆಯ ನಾಟಿ ವೈದ್ಯರೊಬ್ಬರು ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಕಟ್ಟಿದರು. 1794ರಲ್ಲಿ ಅದು ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಯುರೋಪಿನ ಡಾಕ್ಟರುಗಳು ಕಲಿಯಲು ಮುಂದಾದರು. ಕ್ಯಾನ್ಸರಿನಿಂದಲೋ ಗಾಯದಿಂದಲೋ ಮೂಗು ಕಳೆದುಕೊಂಡವರಿಗೆ ಹಣೆಯ ಚರ್ಮದ ಆ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಅಂಥ ಅಗತ್ಯ ಇರುವವರು "ಇದು ಷೋಕಿ" ಅನ್ನುವ ಮಾತಿಗೆ ಖಂಡಿತ ಕಿವಿಗೊಡಬಾರದು.

ಹುಡುಗಿಯರಿಗೆ 15-16, ಹುಡುಗರಿಗೆ 17-18 ವಯಸ್ಸಿಗೆ ಮುಂಚೆ ಅಂದಕ್ಕಾಗಿ ಮಾಡಿಸುವುದು ಬೇಡ. ಅಲ್ಲಿಯವರೆಗೆ ಮೂಗು ಇನ್ನೂ ಬೆಳೆಯುತ್ತಿರುತ್ತದೆ.

ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ಕಳೆಯುತ್ತಿದ್ದರೆ, ಮೂಗಿನ ಚಿಂತೆಯಿಂದ ಕಾಲೇಜಿಗೆ ಕೆಲಸಕ್ಕೆ ಹೋಗುವುದೇ ನಿಂತಿದ್ದರೆ, ಬೇರೆ ಯಾರಿಗೂ ಕಾಣದ ಊನ ನಿಮಗೊಬ್ಬರಿಗೇ ದೊಡ್ಡದಾಗಿ ಕಾಣುತ್ತಿದ್ದರೆ, ದಯವಿಟ್ಟು ಮೊದಲು ಮನೋವೈದ್ಯರನ್ನು ನೋಡಿ. ಇದಕ್ಕೆ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅನ್ನುತ್ತಾರೆ. ಚಿಕಿತ್ಸೆ ಇರುವ ತೊಂದರೆ ಇದು. ಇಂಥವರಿಗೆ ಸರ್ಜರಿಯಿಂದ ಸಮಾಧಾನ ಸಿಗುವುದು ಅಪರೂಪ. ಎಷ್ಟೋ ಸಲ ಹಿಂಸೆ ಜಾಸ್ತಿಯೇ ಆಗುತ್ತದೆ.

ಹಂತ 3: ಡಾಕ್ಟರನ್ನು ಆರಿಸಿ

ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರು, ಇಲ್ಲವೇ ಇಎನ್‌ಟಿ ಓದಿ ಮೂಗಿನ ಸರ್ಜರಿಯಲ್ಲಿ ವಿಶೇಷ ತರಬೇತಿ ಪಡೆದವರು ಇದನ್ನು ಮಾಡುತ್ತಾರೆ. "ಕಾಸ್ಮೆಟಿಕ್ ಸರ್ಜನ್" ಅನ್ನುವ ಬೋರ್ಡ್ ಒಂದೇ ಸಾಲದು, ಡಿಗ್ರಿ ಕೇಳಿ. ಕರ್ನಾಟಕದಲ್ಲಿದ್ದರೆ ಡಾಕ್ಟರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಿದೆಯಾ, ಆಸ್ಪತ್ರೆಗೆ ಕೆಪಿಎಂಇ ಕಾಯ್ದೆಯಡಿ ನೋಂದಣಿ ಇದೆಯಾ ನೋಡಿ. ಕೆಪಿಎಂಇ ಅಂದರೆ ಖಾಸಗಿ ಆಸ್ಪತ್ರೆಗಳಿಗೆ ರಾಜ್ಯ 2007ರಲ್ಲಿ ಮಾಡಿದ ಕಾಯ್ದೆ. ಅರಿವಳಿಕೆ ಕೊಡುವ ಡಾಕ್ಟರ್ ಯಾರು, ಅವರು ಪೂರ್ತಿ ಹೊತ್ತು ಜೊತೆಗೇ ಇರುತ್ತಾರಾ, ತುರ್ತು ಬಂದರೆ ಐಸಿಯು ಎಲ್ಲಿದೆ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಉತ್ತರ ಕೊಡಲು ಸಿಡುಕುವ ಕಡೆ ಸರ್ಜರಿ ಮಾಡಿಸಬೇಡಿ.

ಹಂತ 4: ಈ ಪ್ರಶ್ನೆಗಳನ್ನು ಕೇಳಿಯೇ ಕೇಳಿ

ಈ ಹಂತಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಮೊದಲ ಪ್ರಶ್ನೆ: "ಎಷ್ಟು ಉಳಿಸುತ್ತೀರಿ?" ಹಿಂದೆಲ್ಲ ರೈನೋಪ್ಲಾಸ್ಟಿ ಅಂದರೆ ಮೂಳೆ, ಕಾರ್ಟಿಲೇಜ್ ಕತ್ತರಿಸಿ ತೆಗೆದು ಮೂಗನ್ನು ಚಿಕ್ಕದು ಮಾಡುವುದೇ ಆಗಿತ್ತು. ಮೊದಲ ಕೆಲವು ವರ್ಷ ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಚರ್ಮ ಒಳಗೆ ಉಳಿದ ಬಡ ಚೌಕಟ್ಟಿನ ಮೇಲೆ ಕುಗ್ಗಿ ಕೂರುತ್ತಿದ್ದ ಹಾಗೆ ತುದಿ ಚಿವುಟಿದಂತಾಗುವುದು, ನಡುಭಾಗ ಕುಸಿಯುವುದು, ದಿಂಡಿನ ಮೇಲೆ ತಲೆಕೆಳಗಾದ ವಿ ಆಕಾರದ ನೆರಳು ಕಾಣುವುದು, ಜೋರಾಗಿ ಉಸಿರೆಳೆದರೆ ಹೊಳ್ಳೆ ಒಳಗೆ ಅಂಟಿಕೊಳ್ಳುವುದು, ಇದೆಲ್ಲ ಹತ್ತು ಹದಿನೈದು ವರ್ಷದ ಮೇಲೂ ಶುರುವಾಗಬಹುದು. ಮನೆಯ ತೊಲೆ ಕಂಬ ತೆಗೆದು ಹಾಲ್ ದೊಡ್ಡದು ಮಾಡಿದರೆ ಮೊದಲ ಮಳೆಗಾಲಕ್ಕೆ ಏನೂ ಆಗುವುದಿಲ್ಲ, ಚಾವಣಿ ಬಾಗುವುದು ಆಮೇಲೆ ಅಲ್ವಾ, ಇದೂ ಹಾಗೇ. ಅದಕ್ಕೇ ಈಗಿನ ಒಳ್ಳೆಯ ಸರ್ಜನ್‌ಗಳು ಕಡಿಮೆ ತೆಗೆಯುತ್ತಾರೆ, ಇರುವುದನ್ನು ಹೊಲಿದು ಆಕಾರ ಕೊಡುತ್ತಾರೆ, ದುರ್ಬಲ ಜಾಗಕ್ಕೆ ಗ್ರಾಫ್ಟ್ ಹಾಕಿ ಬಲಪಡಿಸುತ್ತಾರೆ. ಗ್ರಾಫ್ಟ್ ಅಂದರೆ ನಿಮ್ಮದೇ ದೇಹದ ಬೇರೆ ಕಡೆಯಿಂದ ತೆಗೆದು ಕೂರಿಸುವ ತುಂಡು. ನಡುಗೋಡೆಯಿಂದ ಕಾರ್ಟಿಲೇಜ್ ತೆಗೆಯುವಾಗಲೂ ಮೇಲೆ ಮತ್ತು ಮುಂದೆ ಕನಿಷ್ಠ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಉಳಿಸಬೇಕು ಅನ್ನುವುದು ವಾಡಿಕೆ. ಅದು ಹೋದರೆ ದಿಂಡು ಕುದುರೆ ಜೀನಿನ ಹಾಗೆ ತಗ್ಗಾಗುತ್ತದೆ.

ಎರಡನೇ ಪ್ರಶ್ನೆ: "ನನ್ನ ಚರ್ಮ ಎಂಥದ್ದು?" ನಮ್ಮ ಕಡೆ ದಪ್ಪ ಚರ್ಮದವರು ಬಹಳ. ದಪ್ಪ ಚರ್ಮದಲ್ಲಿ ಬಾವು ಇಳಿಯುವುದು ತಡ, ತುದಿಯ ಚೂಪು ಅಷ್ಟಾಗಿ ಕಾಣುವುದಿಲ್ಲ, ಆದರೆ ಒಳಗಿನ ಸಣ್ಣ ಏರುಪೇರು ಮುಚ್ಚಿಹೋಗುತ್ತದೆ. ತೆಳು ಚರ್ಮದವರಿಗೆ ಬೇಗ ಚಂದ ಕಾಣುತ್ತದೆ, ವಯಸ್ಸಾಗಿ ಚರ್ಮ ಇನ್ನೂ ತೆಳುವಾದಾಗ ಗ್ರಾಫ್ಟಿನ ಅಂಚು ಹೊರಗೆ ಕಾಣಿಸಿಕೊಳ್ಳುವ ಅಪಾಯವೂ ಇರುತ್ತದೆ.

ಮೂರನೆಯದು ಚಪ್ಪಟೆ ಮೂಗನ್ನು ಎತ್ತರಿಸಬೇಕು ಅನ್ನುವವರಿಗೆ: "ಒಳಗೆ ಏನು ಇಡುತ್ತೀರಿ?" ಸಿಲಿಕಾನ್ ತುಂಡು ಇಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಅದು ಸರಿಯಬಹುದು, ಸೋಂಕಾಗಬಹುದು, ಎಷ್ಟೋ ವರ್ಷದ ಮೇಲೂ ಚರ್ಮವನ್ನು ತೆಳುಮಾಡಿ ಹೊರಬರಬಹುದು. ಕಿವಿಯ ಅಥವಾ ಪಕ್ಕೆಲುಬಿನ ಸ್ವಂತ ಕಾರ್ಟಿಲೇಜ್‌ನಲ್ಲಿ ಆ ಭಯ ತುಂಬಾ ಕಡಿಮೆ. ಪಕ್ಕೆಲುಬಿನದ್ದು ಬಾಗುವ ಸಾಧ್ಯತೆ ಇದೆ, ಎದೆಯ ಮೇಲೆ ಇನ್ನೊಂದು ಗಾಯದ ಗುರುತು ಉಳಿಯುತ್ತದೆ. ನನ್ನ ಒಲವು ಸ್ವಂತ ಕಾರ್ಟಿಲೇಜ್ ಕಡೆಗೇ, ಯಾಕೆಂದರೆ ಇಪ್ಪತ್ತರ ವಯಸ್ಸಿನಲ್ಲಿ ಇಟ್ಟದ್ದು ಐವತ್ತು ವರ್ಷ ಅಲ್ಲೇ ಇರಬೇಕು.

ಓಪನ್ನೋ ಕ್ಲೋಸ್ಡೋ ಅಂತಲೂ ಕೇಳಿಕೊಳ್ಳಿ. ಓಪನ್ ಅಂದರೆ ಎರಡು ಹೊಳ್ಳೆಗಳ ನಡುವಿನ ಸಣ್ಣ ಕಂಬದಲ್ಲಿ ಹೊರಗೆ ಒಂದು ಗೀರು ಬೀಳುತ್ತದೆ, ಕ್ಲೋಸ್ಡ್‌ನಲ್ಲಿ ಎಲ್ಲ ಒಳಗಿಂದ. ಈ ಆಯ್ಕೆಯನ್ನು ಡಾಕ್ಟರಿಗೆ ಬಿಡಿ. ಕಂಪ್ಯೂಟರ್‌ನಲ್ಲಿ ತೋರಿಸುವ ಹೊಸ ಮೂಗಿನ ಚಿತ್ರವನ್ನು ಮಾತುಕತೆಗೆ ಬಳಸಿ, ಅದು ಗ್ಯಾರಂಟಿ ಅಲ್ಲ.

ಐವತ್ತು ದಾಟಿದವರು ಇನ್ನೊಂದು ಕೇಳಬೇಕು: "ತುದಿಯನ್ನು ಎಷ್ಟು ಎತ್ತುತ್ತೀರಿ?" ಬಿಪಿ, ಶುಗರ್, ಹೃದಯದ ಪರೀಕ್ಷೆ ಹೇಗೂ ಆಗಲೇಬೇಕು. ಅದರ ಜೊತೆಗೆ, ಹಣ್ಣಾದ ಮುಖಕ್ಕೆ ಇಪ್ಪತ್ತರ ಎತ್ತಿದ ತುದಿ ಹೊಂದುವುದಿಲ್ಲ. ಉಸಿರು ಸಲೀಸಾಗುವಷ್ಟು, ಮುಖಕ್ಕೆ ಒಪ್ಪುವಷ್ಟು ಎತ್ತಿದರೆ ಸಾಕು.

ಫಿಲ್ಲರ್ ಬಗ್ಗೆ ಒಂದು ಎಚ್ಚರಿಕೆ. ಸೂಜಿಯಲ್ಲಿ ಜೆಲ್ ತುಂಬಿ ಮೂಗು ನೆಟ್ಟಗೆ ಮಾಡುತ್ತೇವೆ, ಹತ್ತು ನಿಮಿಷದ ಕೆಲಸ ಅಂತ ಪಾರ್ಲರ್‌ಗಳಲ್ಲೂ ಹೇಳುತ್ತಾರೆ. ಮೂಗಿನ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕ ಇದೆ. ಜೆಲ್ ರಕ್ತನಾಳಕ್ಕೆ ಹೋದರೆ ಚರ್ಮ ಸತ್ತುಹೋಗಬಹುದು, ದೃಷ್ಟಿಯೇ ಹೋಗಬಹುದು. ಮುಂಚೆ ಸರ್ಜರಿ ಆಗಿರುವ ಮೂಗಿನಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಪಾರ್ಲರ್‌ನಲ್ಲಿ ಯಾವ ಕಾರಣಕ್ಕೂ ಹಾಕಿಸಬೇಡಿ.

ಹಂತ 5: ಸರ್ಜರಿಗೆ ಮುಂಚಿನ ನಾಲ್ಕು ವಾರ

ಸಿಗರೇಟು, ಬೀಡಿ, ನಶ್ಯ, ಗುಟ್ಕಾ ನಿಲ್ಲಿಸಿ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಗಾಯ ಬೇಗ ಮಾಯುವುದಿಲ್ಲ. ಆಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ ಇವೆಲ್ಲ ರಕ್ತ ಜಾಸ್ತಿ ಸೋರುವಂತೆ ಮಾಡಬಹುದು. ಆಯುರ್ವೇದದ ಔಷಧಿ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹೃದಯಕ್ಕೆ ಆಸ್ಪಿರಿನ್ ತಗೊಳ್ಳುವವರು ಮಾತ್ರ ತಾವಾಗಿ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಮೂಗುತಿ, ನತ್ತು ಮುಂಚೆಯೇ ಬಿಚ್ಚಿಡಬೇಕು. ವರ್ಷಗಟ್ಟಲೆ ಬಿಚ್ಚದ ತಿರುಪಿನ ಮೂಗುಬಟ್ಟು ಬಿಗಿದುಕೊಂಡಿರುತ್ತದೆ. ಅಕ್ಕಸಾಲಿಗರ ಹತ್ತಿರ ಹೋಗಿ ಬಿಡಿಸಿಕೊಳ್ಳಲು ಒಂದು ವಾರ ಇಟ್ಟುಕೊಳ್ಳಿ, ಸರ್ಜರಿ ದಿನ ಬೆಳಗ್ಗೆ ಒದ್ದಾಡಬೇಡಿ.

ಮದುವೆ, ಗೃಹಪ್ರವೇಶದ ದಿನ ನೋಡಿ ತಾರೀಕು ಹಾಕುವವರೇ ಜಾಸ್ತಿ. ದೊಡ್ಡ ಸಮಾರಂಭಕ್ಕೆ ಕನಿಷ್ಠ ಆರು ತಿಂಗಳು ಮುಂಚೆ ಮಾಡಿಸಿ.

ಹಂತ 6: ಮೊದಲ ಮೂರು ವಾರ

ಮೂಗಿನ ಮೇಲೆ ಸುಮಾರು ಒಂದು ವಾರ ಸ್ಪ್ಲಿಂಟ್ ಇರುತ್ತದೆ, ಅಂದರೆ ಆಕಾರ ಹಿಡಿದಿಡುವ ಗಟ್ಟಿ ಪಟ್ಟಿ. ಕಣ್ಣಿನ ಸುತ್ತ ಕಪ್ಪು ನೀಲಿ ಬಣ್ಣ ಹತ್ತರಿಂದ ಹದಿನಾಲ್ಕು ದಿನದಲ್ಲಿ ಹೋಗುತ್ತದೆ. ಮೂಗು ಕಟ್ಟಿದ ಹಾಗಿರುವುದು, ವಾಸನೆ ಸರಿಯಾಗಿ ಗೊತ್ತಾಗದಿರುವುದು, ತುದಿ ಜೋಮು ಹಿಡಿದ ಹಾಗಿರುವುದು ಎಲ್ಲ ಸಾಮಾನ್ಯ.

ತಲೆ ಎತ್ತರಕ್ಕೆ ಬರುವಂತೆ ದಿಂಬು ಇಟ್ಟು ಅಂಗಾತ ಮಲಗಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಮೂಗು ಸೀಟುವುದು ಬೇಡ, ಡಾಕ್ಟರ್ ಹೇಳಿದ ಉಪ್ಪುನೀರಿನ ಸ್ಪ್ರೇ ಹಾಕಿ. ಮನೆಯಲ್ಲಿ ಹಿರಿಯರು ಮೂಗು ಕಟ್ಟಿದೆಯಲ್ಲ ಅಂತ ಬಿಸಿನೀರಿನ ಹಬೆ ಹಿಡಿಸಲು, ಮೂಗಿಗೆ ಎಣ್ಣೆ ಬಿಡಲು, ವಿಕ್ಸ್ ಹಚ್ಚಲು ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ, ಆದರೂ ಬೇಡ ಅನ್ನಿ. ಶಾಖಕ್ಕೆ ಬಾವು ಏರುತ್ತದೆ, ರಕ್ತ ಬರಬಹುದು. ಬಗ್ಗಿ ತಲೆಸ್ನಾನ ಮಾಡುವುದು, ನೆಲಕ್ಕೆ ಬಗ್ಗಿ ನಮಸ್ಕಾರ ಮಾಡುವುದು, ಭಾರ ಎತ್ತುವುದು ಮೂರು ವಾರ ಬಿಡಿ. ಮೂಗಿನ ಮೂಳೆ ಕತ್ತರಿಸಿ ಕೂರಿಸಿದ್ದರೆ ಕನ್ನಡಕದ ಭಾರ ನಾಲ್ಕರಿಂದ ಆರು ವಾರ ಅದರ ಮೇಲೆ ಬೀಳಬಾರದು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಎಳೆದು ಹಾಕುವಾಗಲೂ ತೆಗೆಯುವಾಗಲೂ ಮೂಗಿಗೆ ತಾಗುತ್ತದೆ. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸುವುದು ಪರಿಹಾರ ಅಲ್ಲ, ಆ ವಾರಗಳಲ್ಲಿ ಬಸ್ಸು, ಮೆಟ್ರೊ ಹಿಡಿಯಿರಿ.

ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ: ಹದಿನೈದು ಇಪ್ಪತ್ತು ನಿಮಿಷ ಆದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂಗಿನ ಒಳಗೆ ಬಾವು ಬಂದು ಎರಡೂ ಹೊಳ್ಳೆ ಮುಚ್ಚಿ ನೋವು ಏರುತ್ತಲೇ ಇದ್ದರೆ, ತಿಳಿ ನೀರು ತೊಟ್ಟಿಕ್ಕುತ್ತಿದ್ದರೆ, ಕಣ್ಣು ಮಂಜಾದರೆ. ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತರೆ ಕೆಲವೇ ದಿನದಲ್ಲಿ ಕಾರ್ಟಿಲೇಜ್ ಕರಗಿಹೋಗಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಹಂತ 7: ಮೊದಲ ವರ್ಷ, ಬರೀ ಕಾಯುವುದು

ಸ್ಪ್ಲಿಂಟ್ ತೆಗೆದ ದಿನ ಕಾಣುವ ಮೂಗು ನಿಮ್ಮ ಹೊಸ ಮೂಗಲ್ಲ. ತುದಿ ಬೇಕಾದ್ದಕ್ಕಿಂತ ಮೇಲಿರುತ್ತದೆ, ದಪ್ಪಗಿರುತ್ತದೆ. ಬೆಳಗ್ಗೆ ಬಾವು ಜಾಸ್ತಿ, ಸಂಜೆಗೆ ಕಡಿಮೆ. ಕೆಲವು ವಾರದಲ್ಲಿ ಬಹುಪಾಲು ಇಳಿಯುತ್ತದೆ, ಉಳಿದದ್ದು ಇಳಿಯಲು ಒಂದು ವರ್ಷ ಬೇಕು, ದಪ್ಪ ಚರ್ಮದವರಿಗೆ ಒಂದೂವರೆ ಎರಡು ವರ್ಷವೂ ಆಗುತ್ತದೆ. ಕೊನೆಗೆ ಇಳಿಯುವುದು ತುದಿ. ತಿಂಗಳಿಗೊಂದು ಫೋಟೊ, ಅದೇ ಜಾಗ, ಅದೇ ಬೆಳಕು, ಅಷ್ಟು ಸಾಕು. ದಿನಾ ಕನ್ನಡಿ ನೋಡಿ ಅಳುವುದರಿಂದ ನಿಮಗೆ ಹಿಂಸೆ ಅಷ್ಟೇ. ಹೊಸದಾಗಿ ಮೂಗು ಚುಚ್ಚಿಸಬೇಕು ಅಂದರೆ ಡಾಕ್ಟರನ್ನು ಕೇಳದೆ ಚುಚ್ಚಿಸಬೇಡಿ.

ಸರಿ ಬರಲಿಲ್ಲ ಅನ್ನಿಸಿದರೆ ಎರಡನೇ ಸರ್ಜರಿಗೆ, ಅಂದರೆ ರಿವಿಷನ್‌ಗೆ, ಕನಿಷ್ಠ ಒಂದು ವರ್ಷ ಕಾಯಿರಿ. ಒಳಗಿನ ಗಾಯ ಮೆತ್ತಗಾಗುವ ಮುಂಚೆ ಕೈ ಹಾಕಿದರೆ ಕೆಟ್ಟದ್ದು ಇನ್ನೂ ಕೆಡುತ್ತದೆ. ರಿವಿಷನ್ ಮೊದಲಿನದ್ದಕ್ಕಿಂತ ಕಷ್ಟ, ಹಲವು ಸಲ ಪಕ್ಕೆಲುಬಿನಿಂದಲೇ ಕಾರ್ಟಿಲೇಜ್ ತರಬೇಕಾಗುತ್ತದೆ.

ಹಂತ 8: ಆಮೇಲಿನ ಹತ್ತಾರು ವರ್ಷ

ಆಪರೇಷನ್ ಆದ ಮೂಗೂ ನಿಧಾನಕ್ಕೆ ಇಳಿಯುತ್ತದೆ. ಆಧಾರ ಗಟ್ಟಿ ಇದ್ದರೆ ಸ್ವಲ್ಪ ಇಳಿದು ಮುಖದ ಜೊತೆಗೇ ಹಣ್ಣಾಗುತ್ತದೆ, ಅದಕ್ಕೆ ಏನೂ ಮಾಡಬೇಕಿಲ್ಲ. ಹೊಸದಾಗಿ ಉಸಿರು ಕಟ್ಟಿದರೆ, ಒಂದು ಪಕ್ಕ ಕುಸಿದರೆ, ಇಂಪ್ಲಾಂಟ್ (ಒಳಗಿಟ್ಟ ಸಿಲಿಕಾನ್‌ನಂಥ ತುಂಡು) ಇರುವ ಜಾಗ ಕೆಂಪಾದರೆ ತಡ ಮಾಡದೆ ತೋರಿಸಿ. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿ. ಮೂಗಿನ ಮೇಲೆ ಒಂದು ತಿಂಗಳಾದರೂ ಮಾಯದ ಹುಣ್ಣೋ ಮತ್ತೆ ಮತ್ತೆ ರಕ್ತ ಬರುವ ಗುಳ್ಳೆಯೋ ಇದ್ದರೆ, ಸರ್ಜರಿ ಆಗಿರಲಿ ಬಿಡಲಿ, ಚರ್ಮದ ಡಾಕ್ಟರಿಗೆ ತೋರಿಸಲೇಬೇಕು. ಅದು ಚರ್ಮದ ಕ್ಯಾನ್ಸರ್ ಆಗಿರಬಹುದು.

ಬಹಳ ಜನ ಬಿಟ್ಟುಬಿಡುವ ಒಂದು ಕೆಲಸ ಇದೆ. ಡಿಸ್ಚಾರ್ಜ್ ದಿನವೇ ಆಪರೇಷನ್ ನೋಟ್ಸ್ ಪ್ರತಿ ಕೇಳಿ ತಗೊಳ್ಳಿ. ಬರೀ ಡಿಸ್ಚಾರ್ಜ್ ಹಾಳೆ ಸಾಲದು. ಕಾರ್ಟಿಲೇಜ್ ಎಲ್ಲಿಂದ ತೆಗೆದರು, ಎಲ್ಲಿ ಇಟ್ಟರು, ಮೂಳೆ ಎಲ್ಲಿ ಕತ್ತರಿಸಿದರು, ಇಂಪ್ಲಾಂಟ್ ಇದ್ದರೆ ಯಾವ ಕಂಪನಿಯದು, ಎಲ್ಲ ಅದರಲ್ಲಿರಬೇಕು. ಮುಂಚಿನ ಫೋಟೊಗಳ ಜೊತೆ ಫೋನಿನಲ್ಲೂ ಇಮೇಲ್‌ನಲ್ಲೂ ಇಟ್ಟುಕೊಳ್ಳಿ, ಮನೆಯವರಿಗೂ ಒಂದು ಪ್ರತಿ ಕೊಡಿ. ಇಪ್ಪತ್ತು ವರ್ಷದ ಮೇಲೆ ಆ ಆಸ್ಪತ್ರೆ ಮುಚ್ಚಿರಬಹುದು, ಆ ಡಾಕ್ಟರ್ ನಿವೃತ್ತಿ ಆಗಿರಬಹುದು. ಆಗ ನಿಮ್ಮ ಮೂಗನ್ನು ನೋಡುವ ಹೊಸ ಡಾಕ್ಟರಿಗೂ, ಬೇರೆ ಯಾವುದೋ ಆಪರೇಷನ್‌ಗೆ ಮೂಗಿನಲ್ಲಿ ನಳಿಕೆ ಹಾಕಬೇಕಾದ ಅರಿವಳಿಕೆ ಡಾಕ್ಟರಿಗೂ ಒಳಗೆ ಏನಿದೆ ಅಂತ ಗೊತ್ತಾಗುವುದು ಆ ಹಾಳೆಗಳಿಂದ.